ಕೊಟ್ಟೂರು ಪಂಚಾಕ್ಷರಪ್ಪನ ಮೂರು ಸೆಕೆಂಡು

ಕೊಟ್ಟೂರಿನ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಪಂಚಾಕ್ಷರಪ್ಪನಿಗೆ ಹೊಟ್ಟೆಯುರಿ ಹತ್ತಿಕೊಂಡದ್ದು ಎಂಬತ್ತೊಂದನೇ ಇಸವಿಯ ಒಂದು ಶುಕ್ರವಾರ, ಸಂಜೆಯ ಮೊದಲನೇ ಆಟದಲ್ಲಿ, ಪಿಚ್ಚರ್ ಶುರುವಾಗಿ ಎರಡು ನಿಮಿಷಕ್ಕೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕಾಂಪೌಂಡರ್ ಕೇಳಿದಾಗ ಅವನೇ ಬಾಯಿಬಿಟ್ಟು ಹೇಳಿದ್ದ.

"ಹೊಟ್ಟಿ ಉರಿ ಯಾವಾಗಿಂದ ಐತ್ರಿ?"

"ನಿನ್ನಿ ಮೊದಲನೇ ಆಟದಿಂದ."

"ಏನರ ತಿಂದಿದ್ರೇನು?"

"ತಿಂದಿಲ್ಲ. ಓದಿದೆ."

ಕಾಂಪೌಂಡರ್ ಅವನ ಮುಖ ನೋಡಿ, ಗುಲಾಬಿ ಬಣ್ಣದ ಔಷಧಿಯನ್ನು ಬಾಟಲಿಯ ಕುತ್ತಿಗೆಯವರೆಗೂ ತುಂಬಿಕೊಟ್ಟ.

ಪಂಚಾಕ್ಷರಪ್ಪ ಓದಿದ್ದು ಇಷ್ಟೇ: "ಕೃತಜ್ಞತೆ: ಶ್ರೀ ಕರಿಸಿದ್ದಪ್ಪನವರು, ಕೂಡ್ಲಿಗಿ."

ಕರಿಸಿದ್ದಪ್ಪ ಅವನ ಷಡ್ಡಕ. ಹರಪನಹಳ್ಳಿಯ ಗಾದೆಮ್ಮನ ಹಿರಿಯ ಮಗಳು ಉಚ್ಚಂಗೆಮ್ಮನನ್ನು ಕರಿಸಿದ್ದಪ್ಪ ಕಟ್ಟಿಕೊಂಡಿದ್ದ, ಕಿರಿಯ ಮಗಳು ಅನ್ನದಾನಮ್ಮನನ್ನು ಪಂಚಾಕ್ಷರಪ್ಪ. ಅಂದಿನಿಂದ ಹದಿನೆಂಟು ವರ್ಷ ಇಬ್ಬರೂ ಬಹಳ ಪ್ರೀತಿಯಿಂದ ಒಬ್ಬರನ್ನೊಬ್ಬರು ಅಳೆಯುತ್ತಾ ಬಂದಿದ್ದರು. ಕರಿಸಿದ್ದಪ್ಪ ಟ್ರಾನ್ಸಿಸ್ಟರ್ ಕೊಂಡರೆ ಪಂಚಾಕ್ಷರಪ್ಪ ಅದಕ್ಕಿಂತ ಒಂದು ಗೇಣು ಅಗಲದ ರೇಡಿಯೋ ಕೊಂಡ. ಕರಿಸಿದ್ದಪ್ಪ ಮನೆಗೆ ಕೆಂಪು ಗಾರೆ ಹಾಕಿಸಿದರೆ ಪಂಚಾಕ್ಷರಪ್ಪ ದನದ ಕೊಟ್ಟಿಗೆಗೂ ಕೆಂಪು ಗಾರೆ ಹಾಕಿಸಿದ, ಎಮ್ಮೆ ಎರಡು ಸಲ ಜಾರಿ ಬಿತ್ತು. ಆದರೆ ಕರಿಸಿದ್ದಪ್ಪ ಒಂದು ಹಳೆಯ ಜೀಪು ಕೊಂಡಾಗ ಪಂಚಾಕ್ಷರಪ್ಪನ ಬಳಿ ಉತ್ತರವಿರಲಿಲ್ಲ. ಗುಡೇಕೋಟೆಯ ಗುಡ್ಡದಲ್ಲಿ ಕೊಲೆ ಪಿಚ್ಚರ್ ತೆಗೆಯಲು ಬಂದ ಕಂಪನಿಯವರು ಅದೇ ಜೀಪನ್ನು ಒಂಬತ್ತು ದಿನ ಕೇಳಿ ಪಡೆದರು. ಅದರ ಫಲವೇ ಪರದೆಯ ಮೇಲಿನ ಆ ಹೆಸರು.

ಆ ಶುಕ್ರವಾರ ಬೀಗರು ನೆಂಟರು ಸೇರಿ ಹದಿನಾಲ್ಕು ಜನ ಒಂದೇ ಸಾಲಿನಲ್ಲಿ ಕೂತಿದ್ದರು. ಕರಿಸಿದ್ದಪ್ಪ ಜರಿಯಂಚಿನ ರುಮಾಲು ಸುತ್ತಿದ್ದ. ಹೆಸರು ಬಂದಾಗ ಟೂರಿಂಗ್ ಟಾಕೀಸಿನ ಡೇರೆಯ ತುಂಬಾ ಸಿಳ್ಳೆ ಬಿತ್ತು. ಅತ್ತೆ ಗಾದೆಮ್ಮ ಎದ್ದು ನಿಂತು, ಹಿಂದಿನವರು ಕೂಗಿದರೂ ಕೇಳದೆ, ಹಿರಿಯ ಅಳಿಯನ ಕೆನ್ನೆ ಸವರಿ ಲಟಿಕೆ ಮುರಿದಳು. ಪಂಚಾಕ್ಷರಪ್ಪನ ಹೆಂಡತಿ ಅನ್ನದಾನಮ್ಮ ಗಂಡನ ಕಡೆ ತಿರುಗಿ, "ನಮ್ಮ ಭಾವನ ಹೆಸರು ನೋಡ್ರಿ, ಎಷ್ಟು ಚೆಂದ ಕಾಣ್ತೈತಿ" ಎಂದಳು. ಅವಳಿಗೆ ಅದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಅದೇ ಪಂಚಾಕ್ಷರಪ್ಪನಿಗೆ ಇನ್ನೂ ಹೆಚ್ಚು ಸುಟ್ಟಿತು.

ಅವನ ನೋವಿಗೆ ಒಂದು ನ್ಯಾಯವೂ ಇತ್ತೆನ್ನಬೇಕು. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಈ ನಾಲ್ಕು ತಾಲೂಕಿನ ಮದುವೆಗಳ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದವನು ಅವನೇ. ಚಿಕ್ಕ ಉಳಿ ಹಿಡಿದು ಟಿಕ್ಕು ಟಿಕ್ಕು ಎಂದು ಅವನು ಹಾಕಿದ ಹೆಸರುಗಳು ಊರೂರ ಅಡಿಗೆಮನೆಗಳಲ್ಲಿ ಹೊಳೆಯುತ್ತಿದ್ದವು. ಕರಿಸಿದ್ದಪ್ಪನ ಮನೆಯ ಹನ್ನೆರಡು ತಂಬಿಗೆಗಳ ಮೇಲಿನ ಹೆಸರೂ ಅವನ ಕೈಯದೇ. ಎಲ್ಲರ ಹೆಸರು ಹಾಕುವವನ ಹೆಸರನ್ನು ಮಾತ್ರ ಎಲ್ಲಿಯೂ ಯಾರೂ ಹಾಕಿರಲಿಲ್ಲ.

ಆ ಪಿಚ್ಚರ್ ಕೊಟ್ಟೂರಿನಲ್ಲಿ ಹನ್ನೊಂದು ದಿನ ಓಡಿತು. ಪಂಚಾಕ್ಷರಪ್ಪ ಹನ್ನೊಂದು ದಿನವೂ ಹೋದ. ಕೈಗಡಿಯಾರವನ್ನು ಮೂಗಿಗೆ ಹಿಡಿದು ಕೂತು, ಷಡ್ಡಕನ ಹೆಸರು ಮುಗಿದೊಡನೆ ಎದ್ದು ಬರುತ್ತಿದ್ದ. ಆರನೆಯ ದಿನ, ಮಷೀನು ಓಡಿಸುವ ಆಪರೇಟರ್ ದುರುಗಪ್ಪ ಬಾಗಿಲಲ್ಲಿ ಅವನನ್ನು ತಡೆದ.

"ಯಾಕ್ರಿ ಸಾವಕಾರ್ರ, ಕೊಲಿ ಆಗೂದಕ್ಕ ಮೊದಲ ಎದ್ದು ಹೊಂಟ್ರಿ?"

"ನನಗ ಬೇಕಾದ ಕೊಲಿ ಇದರಾಗ ಇಲ್ಲಪಾ. ಅದಿರಲಿ, ನಮ್ಮ ಅಣ್ಣಾರ ಹೆಸರು ಎಷ್ಟೊತ್ತು ಇರ್ತೈತಿ? ನನ್ನ ಗಡಿಯಾರದಾಗ ಎರಡು ಸೆಕೆಂಡಿಗೆ ತುಸು ಕಮ್ಮಿ ಬರ್ತೈತಿ."

ದುರುಗಪ್ಪ ಇಪ್ಪತ್ತು ವರ್ಷ ಪಿಚ್ಚರ್ ತೋರಿಸಿದವನು. ತನ್ನ ವಿದ್ಯೆಯನ್ನು ಯಾರೂ ಕೇಳುವುದಿಲ್ಲವೆಂಬ ಕೊರಗು ಅವನಿಗೂ ಇತ್ತು. ಬೀಡಿ ಹಚ್ಚಿಕೊಂಡು ಅವನು ವಿವರಿಸಿದ:

"ನೋಡ್ರಿ, ಭಕ್ತಿ ಪಿಚ್ಚರ್‌ನಾಗ ಹೆಸರು ಹೂವು ಉದುರಿದಂಗ ಸಾವಕಾಶ ಬರ್ತಾವ. ಸಂಸಾರದ ಪಿಚ್ಚರ್‌ನಾಗ ಪುಸ್ತಕದ ಹಾಳಿ ತಿರುವಿದಂಗ ಬರ್ತಾವ. ಕೊಲಿ ಪಿಚ್ಚರ್ ಹಂಗಲ್ಲ. ಹೆಸರು ಕಳ್ಳನಂಗ ಬರಬೇಕು. ಮೊದಲು ಕತ್ತಲ. ಹೆಜ್ಜಿ ಸಪ್ಪಳ. ಯಾರೋ ಓಡ್ತಿರ್ತಾನ, ಯಾರಂತ ಗೊತ್ತಾಗಂಗಿಲ್ಲ. ಡಮ್ ಅಂತ ಒಂದ್ ಏಟು ಬೀಳ್ತೈತಿ, ಚಿತ್ರ ಗಪ್ಪಂತ ನಿಂತುಬಿಡ್ತೈತಿ. ನಿಂತ ಚಿತ್ರದ ಮ್ಯಾಲೆ ಹೆಸರು! ಜನ ಉಸಿರು ಬಿಗಿಹಿಡಿದಿರ್ತಾರ. ಆಗ ಓದಿದ ಹೆಸರು ಸಾಯೂತನಕ ಮರೆಯಂಗಿಲ್ಲ."

"ನಮ್ಮ ಅಣ್ಣಾರ ಹೆಸರಿಗೆ ಚಿತ್ರ ನಿಂತಿತ್ತೇನು?"

"ಇಲ್ಲ. ಜೀಪು ಓಡಾಕತ್ತಿತ್ತು. ನಿಲ್ಲಿಸೋದು ದೊಡ್ಡವರ ಹೆಸರಿಗಷ್ಟ."

ಗುಲಾಬಿ ಔಷಧಿ ಐದು ದಿನದಲ್ಲಿ ಮಾಡದ ಕೆಲಸವನ್ನು ಈ ಮಾತು ಒಂದು ಕ್ಷಣದಲ್ಲಿ ಮಾಡಿತು. ಅಂದು ಪಂಚಾಕ್ಷರಪ್ಪ ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚು ತಿಂದ.

ಮೂರು ತಿಂಗಳಿಗೆ ಅದೇ ಕಂಪನಿಯವರು ಇನ್ನೊಂದು ಕೊಲೆ ಪಿಚ್ಚರ್ ತೆಗೆಯಲು ಮೈಲಾರದ ಹೊಳೆದಂಡೆಗೆ ಬಂದರು. ಕರಿಸಿದ್ದಪ್ಪನ ಜೀಪು ಈ ಸಲವೂ ಹೋಯಿತು. ಸುದ್ದಿ ತಿಳಿದ ಮರುದಿನವೇ ಪಂಚಾಕ್ಷರಪ್ಪ ಅಂಗಡಿಯ ಹಂಡೆ, ಕೊಳಗ, ದೊಡ್ಡ ಬೋಗುಣಿಗಳನ್ನೆಲ್ಲ ಬಸ್ಸಿನ ಮೇಲೆ ಹೇರಿಸಿದ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹಡಗಲಿಯಲ್ಲಿ ಇನ್ನೊಮ್ಮೆ ಬದಲಿಸಿ, ಗಡಗಡ ಸದ್ದು ಮಾಡುತ್ತಾ ಮೈಲಾರಕ್ಕೆ ಬಂದಿಳಿದ. ನೂರು ಜನರಿಗೆ ಅಡಿಗೆ ಮಾಡಲು ಪಾತ್ರೆಯಿಲ್ಲದೆ ಪರದಾಡುತ್ತಿದ್ದ ಕಂಪನಿಯವರು ಅವನನ್ನು ದೇವರಂತೆ ಬರಮಾಡಿಕೊಂಡರು.

ಅಲ್ಲಿ ಊಟದಿಂದ ಹಿಡಿದು ಹೆಸರುಗಳ ಪಟ್ಟಿಯವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಬೊಮ್ಮಯ್ಯ ಎಂಬ ಸಹಾಯಕ ನಿರ್ದೇಶಕ. ಬೆಂಗಳೂರಿನವನು, ತೆಳ್ಳಗೆ, ಸದಾ ಅವಸರದಲ್ಲಿರುವವನು.

"ನಿಮ್ಮ ಉಪಕಾರ ಮರೆಯೋ ಹಾಗಿಲ್ಲ ಯಜಮಾನ್ರೇ. ಏನು ಬೇಕು ಹೇಳಿ."

"ಹೆಸರು."

"ಅಷ್ಟೇ ತಾನೇ? ಕೃತಜ್ಞತೆ ಅಂತ ಹಾಕಿ, ಜೀಪಿನವರ ಹೆಸರಿನ ಕೆಳಗಡೆ ನಿಮ್ಮದೂ ಸೇರಿಸ್ತೀವಿ."

"ಕೆಳಗ?" ಪಂಚಾಕ್ಷರಪ್ಪ ಒಂದು ಹಂಡೆಯ ಕಿವಿ ಹಿಡಿದು ತನ್ನ ಕಡೆಗೆ ಎಳೆದುಕೊಂಡ. ಅದರಲ್ಲಿ ಆಗ ಸಾರು ಕುದಿಯುತ್ತಿತ್ತು.

ಬೊಮ್ಮಯ್ಯ ಗಾಬರಿಯಾಗಿ, "ಬೇಡ, ಬೇಡ, ಬೇರೆನೇ ಹಾಕ್ತೀವಿ" ಎಂದ.

ಹನ್ನೆರಡು ದಿನಗಳಲ್ಲಿ ಪಂಚಾಕ್ಷರಪ್ಪ ಮೈಲಾರಕ್ಕೆ ನಾಲ್ಕು ಸಲ ಹೋದ. ಹೋದಾಗಲೆಲ್ಲ ಒಂದು ಷರತ್ತು ಬೆಳೆಯಿತು. ಹೆಸರು ಒಂಟಿಯಾಗಿ ಬರಬೇಕು. ಮೂರು ಸೆಕೆಂಡು ಇರಬೇಕು. ಅಕ್ಷರ ಕೆಂಪಗಿರಬೇಕು. ಕೊನೆಯ ಸಲ, ಅತಿ ಮುಖ್ಯವಾದದ್ದು: ಚಿತ್ರ ನಿಲ್ಲಬೇಕು.

"ನಿಲ್ಲಿಸೋದು ಒಂದೇ ಕಡೆ ಉಳಿದಿದೆ ಯಜಮಾನ್ರೇ. ಬಹಳ ಜೋರಾದ ಜಾಗ ಅದು," ಎಂದ ಬೊಮ್ಮಯ್ಯ.

"ಅದ ಕೊಡ್ರಿ."

"ಕೃತಜ್ಞತೆ ಅನ್ನೋದನ್ನ ಹೆಸರಿನ ಮೇಲೆ ಬರೆಯೋದಾ, ಕೆಳಗಾ?"

ಪಂಚಾಕ್ಷರಪ್ಪ ಪಕ್ಕದ ಕೊಳಗದ ಮೇಲೆ ಬೆರಳಿನಿಂದ ಎರಡನ್ನೂ ಬರೆದು ನೋಡಿದ. ಪಾತ್ರೆಯ ಮೇಲೆ ಹೆಸರು ಹಾಕುವವನಿಗೆ ಜಾಗದ ಬೆಲೆ ಗೊತ್ತಿರುತ್ತದೆ.

"ಆ ಪದ ಅಣ್ಣಾರಿಗೇ ಇರಲಿ ಬಿಡ್ರಿ. ಅದು ಕುಂತ್ರ ನನ್ನ ಹೆಸರು ಸಣ್ಣದಾಗ್ತೈತಿ. ಅದರ ಬದಲಿಗೆ ಊರು ಹಾಕ್ರಿ. ಕೊಟ್ಟೂರು ಪಂಚಾಕ್ಷರಪ್ಪ. ಇಲ್ಲಂದ್ರ ಹಡಗಲಿಯಾಗೊಬ್ಬ ಪಂಚಾಕ್ಷರಪ್ಪ ಅದಾನ, ನಾನs ಅಂತ ತಿರುಗಾಡ್ತಾನ."

"ಅಲ್ಲ, ಬರೀ ಹೆಸರಿದ್ರೆ ಇವರು ಯಾರು, ಯಾಕೆ ಅಂತ ಜನಕ್ಕೆ ಗೊತ್ತಾಗೋದು ಹೇಗೆ?"

"ನಾನು ಯಾರಂತ ನಾಕ್ ತಾಲೂಕಿಗೆ ಗೊತ್ತೈತಿ!"

ಬೊಮ್ಮಯ್ಯ ಸಿಗರೇಟಿನ ಪ್ಯಾಕಿನ ಹಿಂಬದಿಗೆ ಎಲ್ಲವನ್ನೂ ಬರೆದುಕೊಂಡ. ಅವನನ್ನು ದೂರುವಂತಿಲ್ಲ. ಮಾತಿಗೆ ತಪ್ಪದವನು. ಅವನು ಒಂದಿಷ್ಟಾದರೂ ಮಾತಿಗೆ ತಪ್ಪಿದ್ದರೆ ಪಂಚಾಕ್ಷರಪ್ಪ ಬದುಕಿಕೊಳ್ಳುತ್ತಿದ್ದ.

ಹತ್ತು ತಿಂಗಳ ಮೇಲೆ 'ಸುಳಿವಿಲ್ಲದ ಹೆಜ್ಜೆ' ಎಂಬ ಆ ಪಿಚ್ಚರ್ ಕೊಟ್ಟೂರಿಗೆ ಬಂತು. ಪಂಚಾಕ್ಷರಪ್ಪ ಹದಿನೈದು ದಿನ ಮೊದಲೇ ಊರನ್ನು ಸಜ್ಜುಗೊಳಿಸಿದ್ದ. ಚಮಚ ಕೊಳ್ಳಲು ಬಂದವರಿಗೂ, "ಶುಕ್ರವಾರ ಮೊದಲನೇ ಆಟ. ಮೊದಲ ಐದು ನಿಮಿಷ ತಪ್ಪಿಸಬ್ಯಾಡ್ರಿ. ಉಳಿದದ್ದು ನೋಡಿದ್ರೂ ನಡೀತೈತಿ, ಬಿಟ್ರೂ ನಡೀತೈತಿ" ಎಂದು ಹೇಳಿ ಕಳಿಸುತ್ತಿದ್ದ. ಅತ್ತೆ ಗಾದೆಮ್ಮನಿಗೆ ಮಾತ್ರ ಮಂಡಿನೋವು, ಹರಪನಹಳ್ಳಿಯಿಂದ ಬರಲಾಗಲಿಲ್ಲ. ಕರಿಸಿದ್ದಪ್ಪ ಮೊದಲ ದಿನ ಬರಲಿಲ್ಲ. ಸೋಮವಾರ ಹೊಸಹಳ್ಳಿಯ ಬೀಗರನ್ನೆಲ್ಲ ಕೂಡಿಸಿಕೊಂಡು ಬರುವುದಾಗಿ ಹೇಳಿ ಕಳಿಸಿದ್ದ. ತನಗೆ ಸಿಳ್ಳೆ ಹೊಡೆಯುವವರನ್ನು ತಾನೇ ಕರೆತರುವ ಅವನ ಈ ಬುದ್ಧಿಯೂ ಪಂಚಾಕ್ಷರಪ್ಪನ ಹೊಟ್ಟೆಗೆ ಸ್ವಲ್ಪ ಉರಿ ತಂದಿತು. ತನಗೆ ಇದು ಹೊಳೆದಿರಲಿಲ್ಲ.

ಡೇರೆ ತುಂಬಿತ್ತು. ದೀಪ ಆರಿತು. ಪರದೆಯ ಮೇಲೆ ಕತ್ತಲು. ಗಡಿಯಾರದ ಟಿಕ್ ಟಿಕ್. ಎಲ್ಲೋ ನಾಯಿ ಬೊಗಳಿತು. ಹೊಳೆದಂಡೆಯ ದಾರಿಯಲ್ಲಿ ಜೀಪೊಂದು ದೀಪ ಹಾಕಿಕೊಂಡು ಓಡತೊಡಗಿತು. ನಡೆಸುತ್ತಿದ್ದವನು ಕರಿಸಿದ್ದಪ್ಪನಂತೆಯೇ ಜರಿ ರುಮಾಲು ಸುತ್ತಿದ ಒಬ್ಬ ನಟ. "ಕೃತಜ್ಞತೆ: ಶ್ರೀ ಕರಿಸಿದ್ದಪ್ಪನವರು, ಕೂಡ್ಲಿಗಿ" ಎಂದು ಬಂತು, ಹೋಯಿತು. ನಾಲ್ಕಾರು ಸಿಳ್ಳೆ ಬಿದ್ದವು. ಪಂಚಾಕ್ಷರಪ್ಪ ಬಾಯಲ್ಲೇ ಲೆಕ್ಕ ಹಾಕಿದ. ಎರಡು ಸೆಕೆಂಡು.

ಜೀಪಿನ ಹಿಂದಿನ ಸೀಟಿನಿಂದ ಕರಿ ಕೋಟಿನ ಕೈಯೊಂದು ಮೆಲ್ಲಗೆ ಎದ್ದಿತು. ರುಮಾಲಿನವನು ಚೀರಿದ. ಕೋಟಿನವನು ಈ ಕಡೆ ತಿರುಗಿದ, ಮುಖವೆಲ್ಲ ನೆರಳು, ಕೈಯಲ್ಲಿ ಚೂರಿ. ಡಮ್! ಚಿತ್ರ ಗಪ್ಪನೆ ನಿಂತಿತು. ಆ ನಿಂತ ಚಿತ್ರದ ಎದೆಯ ಮೇಲೆ, ರಕ್ತ ತೊಟ್ಟಿಕ್ಕುವ ಕೆಂಪು ಅಕ್ಷರಗಳಲ್ಲಿ ಬಂತು:

ಕೊಟ್ಟೂರು ಪಂಚಾಕ್ಷರಪ್ಪ.

ಒಂದು. ಎರಡು. ಮೂರು. ಒಪ್ಪಿಕೊಂಡಂತೆ ಪೂರ್ತಿ ಮೂರು ಸೆಕೆಂಡು.

ಒಂದು ಸಿಳ್ಳೆಯೂ ಬೀಳಲಿಲ್ಲ. ಡೇರೆಯಲ್ಲಿ ಶೇಂಗಾ ಮಾರುವ ಓಬಮ್ಮ ಬುಟ್ಟಿ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯಯ್ಯ, ಪಾತ್ರಿ ಅಂಗಡಿ ಪಂಚಾಕ್ಷರಪ್ಪ ಅಲ್ಲೇನಿದು! ನೋಡಾಕ ಎಷ್ಟು ಸಾಧು ಇದ್ದ!"

ಬೆಂಚಿನ ಮೇಲೆ ಪಂಚಾಕ್ಷರಪ್ಪನ ಎಡಕ್ಕೆ ಕೂತವರು ಎಡಕ್ಕೆ ಸರಿದರು, ಬಲಕ್ಕೆ ಕೂತವರು ಬಲಕ್ಕೆ ಸರಿದರು. ನಡುವೆ ಅವನೂ ಅನ್ನದಾನಮ್ಮನೂ ಉಳಿದರು. ಸ್ವಲ್ಪ ಹೊತ್ತಿಗೆ ಅನ್ನದಾನಮ್ಮನೂ ತುಸು ಸರಿದಳು.

ಮುಂದೆ ನಡೆದದ್ದು ಇನ್ನೂ ಕೆಟ್ಟದ್ದು. ಕೊಲೆಗಾರ ಯಾರೆಂದು ಕೊನೆಯವರೆಗೂ ಗುಟ್ಟಾಗಿಡುವುದೇ ಆ ಪಿಚ್ಚರಿನ ಜೀವಾಳ. ಆದರೆ ಕೊಟ್ಟೂರಿನ ಜನಕ್ಕೆ ಅದು ಮೂರನೇ ನಿಮಿಷಕ್ಕೇ ಗೊತ್ತಾಗಿಹೋಗಿತ್ತು. ಪತ್ತೇದಾರ ಭೂತಗನ್ನಡಿ ಹಿಡಿದು ಹೆಜ್ಜೆಗುರುತು ಹುಡುಕುವಾಗ ಹಿಂದಿನಿಂದ ಯಾರೋ ಕೂಗಿದರು: "ಅಲ್ಲೇನ್ ಹುಡುಕ್ತಿ, ಕೊಟ್ಟೂರಿಗೆ ಬಾರಪಾ! ಪ್ಯಾಟ್ಯಾಗ ಪಾತ್ರಿ ಅಂಗಡಿ!" ಎರಡೂವರೆ ತಾಸು ಇದೇ ಆಯಿತು. ಕೊನೆಗೆ ಪತ್ತೇದಾರ ಒಬ್ಬ ವಕೀಲನನ್ನು ಹಿಡಿದು ಬೇಡಿ ಹಾಕಿದಾಗ ಜನ ಒಪ್ಪಲಿಲ್ಲ. "ಪಾಪ, ವಕೀಲರನ್ನ ಸುಮ್ಮನ ಸಿಗಿಸಿದ್ರು. ಪಂಚಾಕ್ಷರಪ್ಪ ಯಾರದೋ ಕಡಿಂದ ಹೇಳಿಸ್ಯಾನ" ಎಂದು ಮಾತಾಡಿಕೊಳ್ಳುತ್ತಾ ಹೊರಬಿದ್ದರು.

ಮರುದಿನದಿಂದ ಅಂಗಡಿಗೆ ಬಂದವರು ಚೌಕಾಶಿ ಮಾಡುವುದನ್ನು ಬಿಟ್ಟರು. ಹೇಳಿದ ಬೆಲೆ ಕೊಟ್ಟು, ಬೆನ್ನು ತೋರಿಸದೆ, ಹಿಂದಕ್ಕೆ ಹೆಜ್ಜೆಯಿಡುತ್ತಾ ಹೋಗುತ್ತಿದ್ದರು. ಮದುವೆಯ ಕೊಡಕ್ಕೆ ಹೆಸರು ಹಾಕಿಸಲು ಬಂದ ಹೆಂಗಸೊಬ್ಬಳು ಅವನು ಉಳಿ ಎತ್ತಿದ್ದೇ ತಡ, "ಹೆಸರು ಬ್ಯಾಡ್ರಿ, ನಮ್ಮ ಕೊಡ ನಮಗ ಗುರುತೈತಿ" ಎಂದು ಕೊಡ ಅಪ್ಪಿಕೊಂಡು ಓಡಿದಳು.

ಕೊಟ್ಟೂರಿನ ಸುದ್ದಿ ಬಸ್ಸಿನಲ್ಲಿ ಓಡಾಡುತ್ತದೆ, ಪ್ರತಿ ನಿಲ್ದಾಣದಲ್ಲೂ ಸ್ವಲ್ಪ ಸಾಮಾನು ಹತ್ತಿಸಿಕೊಳ್ಳುತ್ತದೆ. ಹಗರಿಬೊಮ್ಮನಹಳ್ಳಿಗೆ ಮುಟ್ಟುವಾಗ "ಪಂಚಾಕ್ಷರಪ್ಪ ಪಿಚ್ಚರ್‌ನಲ್ಲಿ ಕೊಲೆ ಮಾಡಿದ" ಎಂದಿದ್ದದ್ದು, ಹಡಗಲಿಗೆ ಹೋಗುವಾಗ "ಕರಿಸಿದ್ದಪ್ಪನ ಜೀಪಿನಲ್ಲಿ ಕೊಲೆ ಮಾಡಿದ" ಎಂದಾಯಿತು. ಹರಪನಹಳ್ಳಿಯ ಬಸ್ಸು ನಿಲ್ದಾಣದಲ್ಲಿ ಇಳಿಯುವಾಗ ಪಿಚ್ಚರೂ ಇರಲಿಲ್ಲ, ಜೀಪೂ ಇರಲಿಲ್ಲ. "ಪಂಚಾಕ್ಷರಪ್ಪ ಕರಿಸಿದ್ದಪ್ಪನ ಕೊಲೆ ಮಾಡಿದ" ಎಂಬುದಷ್ಟೇ ಉಳಿದಿತ್ತು.

ಸೋಮವಾರ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಗಾದೆಮ್ಮ, ಮಂಡಿನೋವನ್ನು ಮರೆತು, ಆರು ಜನ ಹೆಂಗಸರೊಂದಿಗೆ ಬಂದಿಳಿದಳು. ಪೇಟೆಯ ತುದಿಯಿಂದಲೇ ಅಳುತ್ತಾ ಬಂದು ಅಂಗಡಿಯ ಮುಂದೆ ಕುಕ್ಕರಿಸಿದಳು.

"ಹಿರೇ ಅಳಿಯನ್ನ ಕಿರೇ ಅಳಿಯನ ಬಾಯಾಗ ಹಾಕಿದ್ನಲ್ಲೋ ಶಿವನೇ! ಏನು ಕಮ್ಮಿ ಮಾಡಿದ್ದೆ ನಿನಗ? ಅವನಿಗೆ ಕೊಟ್ಟಂಗ ನಿನಗೂ ಕೊಡಲಿಲ್ಲೇನೋ?"

ಅನ್ನದಾನಮ್ಮ ಓಡಿ ಬಂದಳು. "ಯವ್ವಾ, ಸುಮ್ಮನಿರs! ಭಾವ ಕೂಡ್ಲಿಗ್ಯಾಗ ಗಟ್ಟಿಮುಟ್ಟಾಗಿ ಅದಾನ! ಸಂಜಿಗೆ ಬರ್ತಾನ!"

"ಹೆಣ ಸಂಜಿಗೆ ತರ್ತಾರಂತ!" ಎಂದು ಜೊತೆಗಿದ್ದ ಹೆಂಗಸರು ದನಿಯೇರಿಸಿದರು.

ಪಂಚಾಕ್ಷರಪ್ಪ ಕೊಳಗಗಳ ಸಾಲಿನ ಹಿಂದೆ ನಿಂತು, "ಅತ್ತೀ, ಅದು ನಾನು ಮಾಡಿದ್ದಲ್ಲ, ನಾನು ಹಾಕ್ಸಿದ್ದು!" ಎಂದ.

ಕೊಂದು ಹಾಕಿಸಿದ್ದನಂತೆ ಎಂಬ ಮಾತು ಕೂಡಲೇ ಬೀದಿಯ ಆ ತುದಿಯನ್ನು ಮುಟ್ಟಿತು.

ಜನ ನೆರೆದದ್ದು ಕಂಡು ಠಾಣೆಯಿಂದ ದಫೇದಾರ ದೊಡ್ಡಬೀರಪ್ಪ ಬಂದ. ಹೊಟ್ಟೆ ಬೆಳೆದ, ನಿಧಾನದ ಮನುಷ್ಯ. ಪಿಚ್ಚರ್ ಮೇಲೆ ಬಹಳ ಆಸೆ. ಮೊದಲು ಜನರನ್ನು ಚದುರಿಸಿ, ಆಮೇಲೆ ಅಂಗಡಿಯೊಳಗೆ ಬಂದು ಸ್ಟೂಲಿನ ಮೇಲೆ ಕೂತು ಹೇಳಿದ:

"ನಾನೂ ನೋಡೀನಿ ಸಾವಕಾರ್ರ. ಎರಡು ಸಲ. ಇಪ್ಪತ್ತಾರು ವರ್ಷದ ಸರ್ವೀಸಿನಾಗ ಇಂಥಾದ್ದು ಕಂಡಿದ್ದಿಲ್ಲ. ಕೊಲಿ ಮಾಡಿದವ ಹೆಸರು ಮುಚ್ಚಿಡ್ತಾನ. ನೀವು ಕೊಲಿ ಮಾಡದಲೇ ಕೆಂಪು ಅಕ್ಷರದಾಗ ಬರ್ಸೀರಿ. ಅದೂ ಊರಿನ ಹೆಸರು ಹಚ್ಚಿ. ನಮ್ಮ ಠಾಣಿಗೆ ಎಷ್ಟು ಕೆಟ್ಟ ಹೆಸರು!"

"ಈಗ ಏನು ಮಾಡ್ಲಿ ದಫೇದಾರ್ರ?"

"ತೆಗೆಸಿಬಿಡ್ರಿ. ಹೆಸರು ಹೋದ್ರ ಕೊಲಿ ಹೋಗ್ತೈತಿ."

ಮಧ್ಯಾಹ್ನ ಪಂಚಾಕ್ಷರಪ್ಪ ದುರುಗಪ್ಪನ ಮಷೀನು ಕೋಣೆಯ ಏಣಿ ಹತ್ತಿದ. ದುರುಗಪ್ಪ ಸುರುಳಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಅಂಗೈಯಷ್ಟೂ ಅಗಲವಿಲ್ಲದ ಪಟ್ಟಿಯ ಮೇಲೆ, ಇರುವೆ ಸಾಲಿನಂತೆ, ಒಂದರ ಕೆಳಗೊಂದು, ಕೊಟ್ಟೂರು ಪಂಚಾಕ್ಷರಪ್ಪ, ಕೊಟ್ಟೂರು ಪಂಚಾಕ್ಷರಪ್ಪ, ಕೊಟ್ಟೂರು ಪಂಚಾಕ್ಷರಪ್ಪ.

"ಎಷ್ಟು ಉದ್ದ ಐತಿ?" ಪಂಚಾಕ್ಷರಪ್ಪನಿಗೆ ಆ ಹೊತ್ತಿನಲ್ಲೂ ಕೇಳದಿರಲು ಆಗಲಿಲ್ಲ.

"ಸೆಕೆಂಡಿಗೆ ಒಂದೂವರಿ ಅಡಿ. ನಿಮ್ದು ನಾಕೂವರಿ ಅಡಿ."

"ಅಣ್ಣಾರದು?"

"ಮೂರಡಿ."

ಪಂಚಾಕ್ಷರಪ್ಪ ನಿಟ್ಟುಸಿರು ಬಿಟ್ಟು, "ಕತ್ತರಿಸು" ಎಂದು ಮುಖ ತಿರುಗಿಸಿದ. ದುರುಗಪ್ಪ ಬ್ಲೇಡು ಹಚ್ಚಿದ. ಎಲ್ಲಿಯೂ ಒಂದು ಕೆಂಪು ಅಕ್ಷರವೂ ಉಳಿಯದಿರಲೆಂದು ಸ್ವಲ್ಪ ಮೇಲಿನಿಂದಲೇ ಎರಡು ತುಂಡಾಗಿ ಕತ್ತರಿಸಿದ. ಆ ಸ್ವಲ್ಪದಲ್ಲಿ ಕರಿಸಿದ್ದಪ್ಪನ ಮೂರಡಿಯೂ ಬಂದುಬಿಟ್ಟಿತು. ಅದನ್ನು ಇಬ್ಬರೂ ಗಮನಿಸಲಿಲ್ಲ ಎಂದು ದುರುಗಪ್ಪ ಇಂದಿಗೂ ಆಣೆ ಮಾಡುತ್ತಾನೆ. ಪಂಚಾಕ್ಷರಪ್ಪ ಮಾತ್ರ ಆಣೆ ಮಾಡುವುದಿಲ್ಲ.

ಸಂಜೆ ಕರಿಸಿದ್ದಪ್ಪ ಬಂದ. ಜೀಪಿನಲ್ಲಿ ಒಂಬತ್ತು ಜನ, ಹಿಂದಿನ ಟ್ರ್ಯಾಕ್ಟರಿನಲ್ಲಿ ಹೊಸಹಳ್ಳಿಯ ಬೀಗರು ಮೂವತ್ತು ಜನ. ಗಾದೆಮ್ಮ ಡೇರೆಯ ಮುಂದೆ ಹಿರಿಯ ಅಳಿಯನ ಮುಖ, ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿ ಮತ್ತೆ ಅತ್ತಳು.

"ಅಳಬ್ಯಾಡ್ರಿ ಅತ್ತಿ. ಒಳಗ ಬರ್ರಿ, ಈಗ ನನ್ನ ಹೆಸರು ಬರ್ತೈತಿ" ಎಂದು ಅವನು ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡ.

ಕತ್ತಲು. ಟಿಕ್ ಟಿಕ್. ನಾಯಿ ಬೊಗಳಿತು. ಜೀಪು ಬಂತು. ಮೂವತ್ತು ಜನ ಬೀಗರು ಎರಡೆರಡು ಬೆರಳು ಬಾಯಿಗಿಟ್ಟುಕೊಂಡು ಸಿದ್ಧರಾದರು. ಜೀಪಿನ ನಂತರ ಪರದೆಯ ಮೇಲೆ ನೇರವಾಗಿ ಪತ್ತೇದಾರ ಕಾಫಿ ಕುಡಿಯುತ್ತಾ ಕೂತಿದ್ದ.

"ಎಲ್ಲಿ ಅಳಿಯಂದ್ರ?" ಎಂದಳು ಗಾದೆಮ್ಮ.

ಬೀಗರು ಬೆರಳುಗಳನ್ನು ಬಾಯಿಂದ ತೆಗೆದು ಧೋತರಕ್ಕೆ ಒರೆಸಿಕೊಂಡರು. ಕರಿಸಿದ್ದಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

ಮರುದಿನ ಬೆಳಿಗ್ಗೆ ಅವನ ಜೀಪು ಠಾಣೆಯ ಮುಂದೆ ನಿಂತಿತು. ದೊಡ್ಡಬೀರಪ್ಪ ಚಹಾ ಕುಡಿಯುತ್ತಿದ್ದ.

"ಕಂಪ್ಲೇಂಟ್ ಬರ್ಕಳ್ರಿ."

"ಏನಂತ?"

"ಕೊಲಿ ಆಗೈತಿ."

ದಫೇದಾರ ಚಹಾದ ಬಸಿಯನ್ನು ಕೆಳಗಿಟ್ಟ. "ಯಾರ್ದು?"

"ನಂದು."

"ಮಾಡಿದವರು?"

"ಕೊಟ್ಟೂರು ಪಂಚಾಕ್ಷರಪ್ಪ."

"ಸ್ವಾಮಿ, ಅದನ್ನ ನಿನ್ನೆನs ತೆಗೆಸೀವಿ."

"ತೆಗೆಸಿದ್ದಕ್ಕs ಕೊಲಿ ಆಗಿದ್ದು! ಅವನ ಹೆಸರಿನ ಜೊತಿಗೆ ನನ್ನ ಹೆಸರೂ ಕತ್ತರಿಸ್ಯಾನ. ಮೂವತ್ತು ಮಂದಿ ಬೀಗರ ಮುಂದ ನಾನು ಸತ್ತೀನ್ರಿ ದಫೇದಾರ್ರ. ಬದುಕಿದ್ದಾಗ ಸತ್ತಾನಂತ ಅತ್ತಿಯವರು ಅತ್ರು, ಅದು ಸುಳ್ಳಾತು. ಈಗ ಖರೇ ಸತ್ತೀನಿ, ಅಳವರು ಒಬ್ಬರೂ ಇಲ್ಲ!"

ದೊಡ್ಡಬೀರಪ್ಪ ದೂರಿನ ಪುಸ್ತಕ ತೆರೆದ. ಸತ್ತವನ ಸಹಿಯನ್ನು ಎಲ್ಲಿ ಹಾಕಿಸಬೇಕೆಂದು ಹೊಳೆಯದೆ ಮುಚ್ಚಿದ. ಪಂಚಾಕ್ಷರಪ್ಪನನ್ನು ಕರೆಸಲಾಯಿತು. ಷಡ್ಡಕರಿಬ್ಬರೂ ಎದುರುಬದುರಾಗಿ ನಿಂತರು.

"ಹತ್ತೊಂಬತ್ತು ವರ್ಷದಿಂದ ನೋಡಾಕತ್ತೀನಿ ತಮ್ಮಾ. ನನ್ನದು ಏನಿದ್ರೂ ನಿನಗ ಸಹಿಸೂದಿಲ್ಲ" ಎಂದ ಕರಿಸಿದ್ದಪ್ಪ.

"ಅಣ್ಣಾರ, ನಿಮ್ಮ ಹೆಸರು ಎರಡು ಸೆಕೆಂಡು. ನಾನು ಮೂರು ಸೆಕೆಂಡು ಕತ್ತರಿಸಿಕೊಂಡೀನಿ. ಯಾರ ಲುಕ್ಸಾನು ದೊಡ್ಡದು, ನೀವs ಹೇಳ್ರಿ."

"ಇದರಾಗೂ ನಿಂದs ದೊಡ್ಡದೇನು?"

ದಫೇದಾರ ಮೇಜು ಕುಟ್ಟಿದ. "ಬಾಯಿ ಮುಚ್ರಿ ಇಬ್ರೂ! ಎರಡೂ ತುಂಡು ಇದ್ದಂಗ ಕೂಡಿಸ್ರಿ. ಊರಾಗ ಇನ್ನೊಮ್ಮೆ ಗದ್ದಲಾದ್ರ ಇಬ್ಬರನ್ನೂ ಒಂದs ಕೋಣ್ಯಾಗ ಹಾಕ್ತೀನಿ." ಒಂದೇ ಕೋಣೆ ಎಂಬ ಮಾತಿಗೆ ಇಬ್ಬರೂ ಬೆದರಿದರು.

ಮಷೀನು ಕೋಣೆ ಒಬ್ಬನಿಗೇ ಸಾಲದಷ್ಟು ಇಕ್ಕಟ್ಟು. ದುರುಗಪ್ಪನ ಎಡ ಹೆಗಲಿನ ಮೇಲೆ ಪಂಚಾಕ್ಷರಪ್ಪ, ಬಲ ಹೆಗಲಿನ ಮೇಲೆ ಕರಿಸಿದ್ದಪ್ಪ ಗದ್ದ ಊರಿ ನಿಂತರು.

"ನನ್ನ ತುಂಡಿನ ಮ್ಯಾಲೆ ಬೆರಳು ಹಚ್ಚಬ್ಯಾಡಪಾ, ಹೆಸರು ಮಾಸ್ತೈತಿ."

"ಮೊದಲು ನಂದು ಅಂಟಿಸು. ಮೊದಲಿಂದನೂ ನಂದs ಮೊದಲು."

"ಅಂಟಿಸೋ ಸಿಮೆಂಟು ಅವರಿಗೆ ಜಾಸ್ತಿ ಹಾಕಿದಿ, ನನಗೂ ಹಾಕು."

"ಎಳೀಬ್ಯಾಡೋ, ಹರೀತೈತಿ!"

ಬೆವರು ಕಣ್ಣಿಗಿಳಿದು ಕಾಣದಂತಾದಾಗ ದುರುಗಪ್ಪ ಹೇಗೋ ಅಂಟಿಸಿ ಮುಗಿಸಿ, ಇಬ್ಬರನ್ನೂ ಏಣಿಯಿಂದ ಕೆಳಗಿಳಿಸಿ, ಬಾಗಿಲು ಹಾಕಿಕೊಂಡು ಕೂತ.

ಅಂದು ಸಂಜೆ ನಿಲ್ಲಲು ಜಾಗವಿರಲಿಲ್ಲ. ಸತ್ತವನೂ ಕೊಂದವನೂ ಜೊತೆಯಲ್ಲಿ ಕೂತು ಪಿಚ್ಚರ್ ನೋಡುತ್ತಾರೆಂದು ಹಳ್ಳಿಹಳ್ಳಿಯಿಂದ ಜನ ಬಂದಿದ್ದರು. ದೊಡ್ಡಬೀರಪ್ಪ ಲಾಠಿಯನ್ನು ತೊಡೆಯ ಮೇಲಿಟ್ಟುಕೊಂಡು ಷಡ್ಡಕರ ನಡುವೆಯೇ ಕೂತ. ಗಾದೆಮ್ಮ ಯಾರಿಗೆ ಏನಾದರೂ ಆಗಲಿ ಎಂದು ಅಳಲು ಸಿದ್ಧಳಾಗಿಯೇ ಬಂದಿದ್ದಳು.

ಕತ್ತಲು. ಟಿಕ್ ಟಿಕ್. ನಾಯಿ. ಜೀಪು ಬಂತು. ಆಮೇಲೆ, ಕರಿಸಿದ್ದಪ್ಪನ ಮೂರಡಿ ಬಂತು.

ಅದು ತಲೆಕೆಳಗಾಗಿತ್ತು. ಆಕಾಶ ಕೆಳಗೆ, ದಾರಿ ಮೇಲೆ. ಜೀಪು ನಾಲ್ಕೂ ಚಕ್ರ ಮೇಲೆ ಮಾಡಿಕೊಂಡು ಹಿಂದುಹಿಂದಕ್ಕೆ ಓಡುತ್ತಿತ್ತು. ಸಂಗೀತ ಬರಬೇಕಾದ ಕಡೆ ಎಮ್ಮೆ ಗೊರಕೆ ಹೊಡೆದಂತೆ ಗೊರ್ರ್ ಗೊರ್ರ್ ಎಂಬ ಸದ್ದು. ಶ್ರೀ ಕರಿಸಿದ್ದಪ್ಪನವರು ಕೂಡ್ಲಿಗಿಯ ಸಮೇತ ಬಾವಲಿಯಂತೆ ಜೋತುಬಿದ್ದಿದ್ದರು.

ಮರುಕ್ಷಣ ಡೇರೆ ಹಾರಿಹೋಗುವಂಥ ಸಿಳ್ಳೆ! ಜನ ನಕ್ಕರು, ಕುಣಿದರು, ಟವೆಲು ಎಸೆದರು. ಓಬಮ್ಮನ ಬುಟ್ಟಿ ಉರುಳಿ ಶೇಂಗಾ ಚೆಲ್ಲಿದರೂ ಅವಳು ಬಗ್ಗಿ ಆಯಲಿಲ್ಲ, ನಗುತ್ತಾ ನಿಂತಿದ್ದಳು. ದಫೇದಾರನ ಹೊಟ್ಟೆ ಕುಲುಕಿ ಲಾಠಿ ಕೆಳಗೆ ಬಿತ್ತು. ಕರಿಸಿದ್ದಪ್ಪ ಮೊದಲು ಬಾಯಿ ತೆರೆದು ಕೂತಿದ್ದ. ನಾನೂರು ಜನ ಹಿಂತಿರುಗಿ ತನ್ನನ್ನೇ ನೋಡುತ್ತಿರುವುದು ಕಂಡ ಮೇಲೆ ಮೆಲ್ಲಗೆ ಎದ್ದು, ರುಮಾಲು ಸರಿಮಾಡಿಕೊಂಡು, ನಾಲ್ಕೂ ದಿಕ್ಕಿಗೆ ಕೈಮುಗಿದ.

ಅದೇ ಹೊತ್ತಿಗೆ ಪರದೆಯ ಮೇಲೆ ಡಮ್ ಎಂದು ಏಟು ಬಿತ್ತು, ಚಿತ್ರ ನಿಂತಿತು, ಕೊಟ್ಟೂರು ಪಂಚಾಕ್ಷರಪ್ಪ ಎಂದು ಮೂರು ಸೆಕೆಂಡು ರಕ್ತ ತೊಟ್ಟಿಕ್ಕಿತು. ಅದನ್ನು ನೋಡಿದವನು ಒಬ್ಬನೇ, ಪಂಚಾಕ್ಷರಪ್ಪ. ಅನ್ನದಾನಮ್ಮ ಕೂಡ ಅತ್ತ ತಿರುಗಿ, "ಭಾವಾ, ಭಾರಿ ಬಂತು ನೋಡು ನಿನ್ನ ಹೆಸರು!" ಎನ್ನುತ್ತಿದ್ದಳು. ಜನ ಮಷೀನು ಕೋಣೆಯತ್ತ ಕೂಗಿ ದುರುಗಪ್ಪನಿಂದ ಮೊದಲ ಭಾಗವನ್ನು ಇನ್ನೊಮ್ಮೆ ಹಾಕಿಸಿದರು. ಎರಡನೇ ಸಲವೂ ಹಾಗೆಯೇ ಆಯಿತು.

ಒಂದು ವಾರದೊಳಗೆ ನಾಲ್ಕು ತಾಲೂಕಿನಲ್ಲೂ ಅದೇ ಮಾತು. ಕರಿಸಿದ್ದಪ್ಪನ ತಲೆಕೆಳಗಾದ ಜೀಪು ನೋಡಲು ಬಳ್ಳಾರಿಯಿಂದಲೂ ಜನ ಬಂದರೆಂದು ಅವನೇ ಹೇಳಿಕೊಂಡು ತಿರುಗಿದ. ಕೊಲೆಯ ಸುದ್ದಿ ಎಲ್ಲರಿಗೂ ಮರೆತುಹೋಯಿತು. ಪೇಟೆಯ ಅಂಗಡಿಯಲ್ಲಿ ಗಿರಾಕಿಗಳು ಮತ್ತೆ ಚೌಕಾಶಿ ಮಾಡತೊಡಗಿದರು. ಓಡಿಹೋಗಿದ್ದ ಹೆಂಗಸು ಅದೇ ಕೊಡ ತಂದು ಹೆಸರು ಹಾಕಿಸಿಕೊಂಡು, ಅಕ್ಷರ ಸೊಟ್ಟಗಿದೆಯೆಂದು ಜಗಳವನ್ನೂ ಆಡಿ ಹೋದಳು. ಪಂಚಾಕ್ಷರಪ್ಪ ಮತ್ತೆ ಸಾಧು ಮನುಷ್ಯನಾದ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದರು.

ಪಂಚಾಕ್ಷರಪ್ಪ ಕಾಂಪೌಂಡರ್ ಹತ್ತಿರ ಹೋಗಿ ಗುಲಾಬಿ ಔಷಧಿಯ ಇನ್ನೊಂದು ಬಾಟಲಿ ತಂದ. ಎರಡು ದಿನ ಕುಡಿದ. ಮೂರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಮಷೀನು ಕೋಣೆಯ ಏಣಿ ಹತ್ತಿದ. ದುರುಗಪ್ಪ ಸುರುಳಿ ಸುತ್ತುತ್ತಿದ್ದವನು ತಲೆಯೆತ್ತಿದ.

"ಮತ್ತೇನ್ರಿ ಸಾವಕಾರ್ರ? ನಿಮ್ಮ ತುಂಡು ನೆಟ್ಟಗs ಐತಲ್ಲ?"

ಪಂಚಾಕ್ಷರಪ್ಪ ಹಿಂದೆ ಮುಂದೆ ನೋಡಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ:

"ಅದಕ್ಕs ಬಂದೀನಿ ಮಾರಾಯ. ನಂದೂ ತಲಿಕೆಳಗ ಮಾಡು."